ಡುಬ್ಬಣ್ಣನ ಹಿಂಗಾಲು

ಡುಬ್ಬಣ್ಣನಿಗೆ ಕಾಲು ನಾಲ್ಕು, ಕೊಂಬು ಎರಡು, ಬಾಲ ಒಂದು, ಒಳಗೆ ಗಂಡಸರು ಇಬ್ಬರು. ತಲೆ, ದವಡೆ, ಮುಂಗಾಲು ಭಾವನದು. ಡುಬ್ಬ, ಬಾಲ, ಹಿಂಗಾಲು ಭಾವಮೈದನದು. ಸಿನಿಮಾದವರೆಲ್ಲ ಭಾವಮೈದನನ್ನು ಹಿಂಗಾಲು ಎಂದೇ ಕರೆಯುತ್ತಿದ್ದರು. ಮೊದಮೊದಲು ಹಾಗೆ ಕರೆದವರ ಕಾಲರ್ ಹಿಡಿಯಲು ಹೋಗುತ್ತಿದ್ದ. ಆಮೇಲೆ ಆ ಹೆಸರೇ ಅವನಿಗೆ ಹಿಡಿಸಿಬಿಟ್ಟಿತು. ಒದೆಯುವ ಪ್ರಾಣಿ ಯಾವುದೇ ಇರಲಿ, ಒದೆಯುವುದು ಹಿಂಗಾಲಿನಿಂದಲೇ ತಾನೇ?

ಡುಬ್ಬಣ್ಣ ಎಂದರೆ ಕೆಸರಿನಿಂದ ಎದ್ದು ಬಂದು ಊರಿಗೆ ಊರನ್ನೇ ನುಂಗುವ ಮೃಗ. ಸಿನಿಮಾದಲ್ಲಿ ಅದಕ್ಕೆ ನಾಲಿಗೆ ಹೊರಳದ ಯಾವುದೋ ಹೆಸರಿತ್ತು. ಬೆನ್ನ ಮೇಲೆ ಗುಡ್ಡದಂಥ ಡುಬ್ಬ ಇದ್ದುದರಿಂದ ಹಿಂಗಾಲಿನ ಅಕ್ಕ, ಅಂದರೆ ಭಾವನ ಹೆಂಡತಿ, ಅದನ್ನು ಮೊದಲ ದಿನವೇ ಡುಬ್ಬಣ್ಣ ಎಂದಳು, ಜನರ ಬಾಯಲ್ಲೂ ಅದೇ ಉಳಿಯಿತು. ಅದನ್ನು ಮಾಡಿದವಳೂ ಅವಳೇ. ಕಾರಿನ ಸೀಟಿಗೆ ಕವರು ಹೊಲಿದು ಪಳಗಿದ ಕೈ. ಬೆತ್ತದ ಪಕ್ಕೆಲುಬು, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ರಬ್ಬರಿನ ಚರ್ಮ. ದವಡೆ ತೆರೆಯಲು ಸೈಕಲ್ಲಿನ ಬ್ರೇಕಿನ ಹಿಡಿ, ಕಣ್ಣು ಹೊರಳಿಸಲು ಅದೇ ಬ್ರೇಕಿನ ತಂತಿ. ಕತ್ತಲಲ್ಲಿ ಆ ಕಣ್ಣು ಹೊರಳಿದರೆ ಮೀಸೆ ಹೊತ್ತವರೂ ಪಕ್ಕದವರ ಕೈ ಹಿಡಿಯುತ್ತಿದ್ದರು.

ಮೊದಲ ಸಿನಿಮಾದಲ್ಲಿ ಒಂದು ಎಡವಟ್ಟಾಯಿತು. ನಾಯಕಿಯ ಮೇಲೆ ನುಗ್ಗುವ ಉತ್ಸಾಹದಲ್ಲಿ ಭಾವ ತಾನೇ ಮೊದಲು ಹೆಜ್ಜೆ ಎತ್ತಿಟ್ಟ. ಹಿಂದಿನವನಿಗೆ ಗೊತ್ತಾಗಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ಡುಬ್ಬಣ್ಣನ ಹೊಟ್ಟೆ ಪರ್ರೆಂದು ಹರಿದು ಒಂದು ಪ್ರಾಣಿ ಎರಡಾಯಿತು. ಹಿಂದಿನದು ತಲೆಯಿಲ್ಲದೆ ಹೋಗಿ ಗೋಡೆಗೆ ಗುದ್ದಿಕೊಂಡಿತು. ಹೆದರಿ ಚೀರಬೇಕಾದ ನಾಯಕಿ ನೆಲಕ್ಕೆ ಕೂತು ನಕ್ಕಳು.

ಅವತ್ತು ಹರಿದ ಹೊಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸೂಜಿ ಪೋಣಿಸುತ್ತ ಅಕ್ಕ ಕಾನೂನು ಮಾಡಿದಳು: ಹಿಂದಿನವನ ಕೈ ಬೀಳದೆ ಮುಂದಿನವನ ಕಾಲು ಏಳಕೂಡದು. ಮುಂದಿನವನಿಗೆ ದವಡೆ, ಕಣ್ಣುಗಳದೇ ಕೆಲಸ ಸಾಕಷ್ಟು. ಅವನಿಗೆ ಕಾಣುವುದು ಮೃಗದ ಗಂಟಲಿನ ಬಲೆಯಿಂದ ಅಂಗೈಯಗಲದ ನೆಲ ಮಾತ್ರ. ಭಾರವೆಲ್ಲ ಹಿಂದಿನವನ ಬೆನ್ನ ಮೇಲೆ. ಭಾರ ಹೊತ್ತವನೇ ದಾರಿ ತೋರಿಸಲಿ ಎಂಬುದು ಅಕ್ಕನ ನ್ಯಾಯ. ಅಂದಿನಿಂದ ಪ್ರತಿ ಶಾಟಿಗೂ ಮುಂಚೆ ಹಿಂಗಾಲು ಬರಿಗಾಲಲ್ಲಿ ನೆಲವನ್ನು ಒಮ್ಮೆ ನಡೆದು ನೋಡುತ್ತಿದ್ದ. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ವೈರು ಎಂದು ಪಾದಕ್ಕೆ ಪಾಠ ಹೇಳುತ್ತಿದ್ದ. ಆಮೇಲೆ ಒಳಹೊಕ್ಕು, ಬಗ್ಗಿ, ಭಾವನ ಬೆಲ್ಟು ಹಿಡಿಯುತ್ತಿದ್ದ. ಎಡ ಸೊಂಟಕ್ಕೆ ಅಂಗೈ ಬಿದ್ದರೆ ನಡೆ. ಚಿವುಟಿದರೆ ಗರ್ಜಿಸು. ಎರಡು ಸಲ ತಟ್ಟಿದರೆ ಕೂರು. ಭಾವನಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಬಸ್ಸಿನಲ್ಲಿ ಹಿಂದೆ ನಿಂತಿದ್ದ ಹೆಂಗಸಿನ ಚೀಲ ಸೊಂಟಕ್ಕೆ ತಗುಲಿ, ಇಳಿಯಬೇಕಿಲ್ಲದ ಸ್ಟಾಪಿನಲ್ಲಿ ಇಳಿದು ನಡೆದುಬಿಟ್ಟಿದ್ದ.

ಪ್ರಶಸ್ತಿಯ ಸುದ್ದಿ ಬಂದಾಗ ಮೂವರೂ ವರ್ಕ್‌ಶಾಪಿನಲ್ಲೇ ಇದ್ದರು. ಅಕ್ಕ ಡುಬ್ಬಣ್ಣನ ಮೊಣಕಾಲಿಗೆ ತೇಪೆ ಅಂಟಿಸುತ್ತಿದ್ದಳು. ಅಳಿಸುವ ಸಿನಿಮಾಗಳಿಗೆ ಪ್ರಶಸ್ತಿ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ದೆವ್ವ, ಮಾಟಗಾತಿ, ಕಾಮಿಕ್ ಪುಸ್ತಕದಿಂದ ಎದ್ದು ಬಂದು ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಹಾರುವ ವೀರರು, ಇಂಥವರ ಸಿನಿಮಾಗಳಿಗೆಂದೇ ಕೊಡುವುದು ಈ ಒಂದು ಸಮಿತಿ ಮಾತ್ರ. ಅದರಲ್ಲಿ 'ವರ್ಷದ ಮೃಗ' ಎಂಬ ಪ್ರಶಸ್ತಿಯೇ ಆ ಲೋಕದ ಕಿರೀಟ. ಭಾವ ಫೋನನ್ನು ಸ್ಪೀಕರಿಗೆ ಹಾಕಿ ಬೋರಲು ಹಾಕಿದ ಬಣ್ಣದ ಡಬ್ಬದ ಮೇಲಿಟ್ಟ.

ಸಮಿತಿಯ ಹೆಂಗಸು ಭಾವನ ಹೆಸರು ಹೇಳಿದಳು. ಅಭಿನಂದನೆ ಎಂದಳು. ಅಷ್ಟಕ್ಕೇ ನಿಲ್ಲಿಸಿದಳು.

"ಇನ್ನೊಂದು ಹೆಸರು?" ಎಂದ ಹಿಂಗಾಲು.

"ಇನ್ನೊಂದಾ? ಪ್ರಾಣಿ ಒಂದೇ ಅಲ್ವಾ?"

"ಪ್ರಾಣಿ ಒಂದೇ ಮೇಡಂ. ಕಾಲು ನಾಲ್ಕು. ನಿಮ್ಮ ಲೆಕ್ಕದಲ್ಲಿ ಇನ್ನೆರಡು ಕಾಲು ಎಲ್ಲಿ ಹೋದ್ವು?"

ಆಕೆ ತಮಾಷೆ ಅಂದುಕೊಂಡು ನಕ್ಕಳು. "ಸಿನಿಮಾದಲ್ಲಿ ಮೃಗ ಅಂತ ಒಬ್ಬರ ಹೆಸರೇ ತೋರಿಸಿದಾರಪ್ಪ. ನಾವೇನ್ ಮಾಡೋಣ?"

ಭಾವ ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಿಟ್ಟ, ಆದರೆ ಬಿಟ್ಟದ್ದು ಬೇರೆ ಮಾತಿಗೆ. "ಹ್ಹೆಹ್ಹೆ, ನಮ್ಮ ಹುಡುಗ ಮೇಡಂ. ಸ್ವಲ್ಪ ಬಿಸಿ."

"ಒಂದು ವಿಷಯ," ಎಂದಳು ಆಕೆ. "ಹೆಸರು ಕರೆದಾಗ ನೀವು ಡುಬ್ಬಣ್ಣನ ತಲೆ ಹಾಕ್ಕೊಂಡೇ ವೇದಿಕೆಗೆ ಬರಬೇಕು. ಕ್ಯಾಮೆರಾಗೆ ಚೆನ್ನಾಗಿರುತ್ತೆ."

"ಅದಕ್ಕೇನಂತೆ, ಬರ್ತೀನಿ ಮೇಡಂ!"

ಭಾವ ಫೋನನ್ನು ಜೇಬಿಗಿಟ್ಟ.

"ಹುಡುಗ," ಎಂದ ಹಿಂಗಾಲು. "ನಿಮ್ಮ ಬೆವರು ನನ್ನ ಮೂಗಿಗೆ ಇಳಿದಷ್ಟು ನಿಮ್ಮ ಹೆಂಡತಿ ಮೂಗಿಗೂ ಇಳಿದಿಲ್ಲ ಭಾವ. ನಾನು ಹುಡುಗ?"

"ಲೋ, ಪದ ಹಿಡ್ಕೊಂಡು ಜಗ್ಗಬೇಡ. ನಾನೇನ್ ಕೇಳ್ಕೊಂಡು ಹೋಗಿದ್ನಾ? ಅವರಾಗಿ ಕೊಟ್ರು."

"ಪತ್ರಿಕೆಯವರು ಬಂದಾಗ ಏನಂದ್ರಿ? 'ನಾನು ಮೃಗದ ಮನಸ್ಸಿಗೆ ಇಳಿದೆ.' ಮನಸ್ಸಿಗೆ ಇಳಿದವರಿಗೆ ಹಿಂದೆ ಒಬ್ಬ ಇರೋದು ಕಾಣ್ಲಿಲ್ವಾ?"

"ಮುಖ ನೋಡಿ ತಾನೇ ಜನ ಹೆದರೋದು?"

"ಮುಖ ಗೋಡೆಗೆ ತೂಗು ಹಾಕಿ. ಎಷ್ಟು ಜನ ಹೆದರ್ತಾರೆ ನೋಡೋಣ. ಅದು ನಡೆದು ಹತ್ರ ಬಂದ್ರೆ ಹೆದರೋದು. ನಡೆಸೋನು ನಾನು."

ಭಾವ ನಕ್ಕ. "ಬಾಲ ಬಿಚ್ಚಬೇಡ."

"ಬಾಲ ನಂದೇ ಭಾವ. ಬಿಚ್ತೀನಿ, ಸುತ್ತಿಡ್ತೀನಿ, ನನ್ನಿಷ್ಟ."

ಅಕ್ಕ ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಇಬ್ಬರನ್ನೂ ನೋಡಿದಳು. "ಒಬ್ಬನ ಜೊತೆ ಹುಟ್ಟಿದೆ, ಇನ್ನೊಬ್ಬನ್ನ ಕಟ್ಕೊಂಡೆ. ಎರಡೂ ನಾನು ಕೇಳಿ ಮಾಡಿದ್ದಲ್ಲ. ಕಿತ್ತಾಡೋದಾದ್ರೆ ಹೊರಗೆ ಹೋಗಿ, ಅಂಟು ಒಣಗಬೇಕು."

"ಅಕ್ಕ, ನೀನೂ ಕೇಳಿಸ್ಕೋ," ಎಂದ ಹಿಂಗಾಲು. "ಅವತ್ತು ಆ ವೇದಿಕೆ ಮೇಲೆ ಡುಬ್ಬಣ್ಣನೊಳಗೆ ಇಬ್ಬರಿದೀವಿ ಅನ್ನೋ ಮಾತು ಬರಬೇಕು. ಬರ್ಲಿಲ್ಲ ಅಂದ್ರೆ ಮಾರನೇ ದಿನದಿಂದ ಈ ಚರ್ಮದೊಳಗೆ ನಾನಿಲ್ಲ. ಎರಡು ಕಾಲಿನ ಮೃಗ ಮಾಡ್ಕೊಳ್ಳಿ. ಕೋಳಿ ಥರ."

ಬಾಯಿಮಾತಿನ ಬೆದರಿಕೆಯಲ್ಲ ಅದು. ಮುಂದಿನ ಸಿನಿಮಾದ ಕೆಲಸ ಎದುರಿಗೇ ಇತ್ತು. ಆ ಡುಬ್ಬವನ್ನು ಹೊತ್ತು ಅಷ್ಟು ಹೊತ್ತು ಬಗ್ಗಿ ನಿಲ್ಲುವ ಬೆನ್ನು ಬೇರೆಯವರಲ್ಲಿ ಇಲ್ಲವೆಂದು ಮೂವರಿಗೂ ಗೊತ್ತಿತ್ತು. ಹಿಂಗಾಲಿಗಂತೂ ಉಳಿದಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ದಿನಾ ಬಗ್ಗಿಸಿ ನಿಲ್ಲಿಸುತ್ತಿದ್ದರು. ಒಂದು ದಿನ ನೆಟ್ಟಗಾಗಿ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ತನ್ನಿಷ್ಟದಿಂದ ಬಗ್ಗುತ್ತಾನೆ. ಹಾಗೆ ಬಗ್ಗುವುದರಲ್ಲಿ ಅವನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ.

ಸಮಾರಂಭದ ಸಂಜೆ ಸಭಾಂಗಣದ ಹೊರಗೆ ಸಂತೆಯಂತೆ ಜನ. ಒಬ್ಬ ರಕ್ತಪಿಶಾಚಿ ಕೋರೆಹಲ್ಲನ್ನು ಜೇಬಿಗೆ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದ. ಇಬ್ಬರು ಮಾಟಗಾತಿಯರು ಪಾರ್ಕಿಂಗ್ ಜಾಗಕ್ಕಾಗಿ ಜಗಳವಾಡುತ್ತಿದ್ದರು. ಕಾಮಿಕ್ ಪುಸ್ತಕವನ್ನು ಎದೆಗವುಚಿಕೊಂಡ ತಾತನೊಬ್ಬ ಯಾರದೋ ಸಹಿಗಾಗಿ ಕಾದಿದ್ದ. ಭಾವ ಕಂಕುಳಲ್ಲಿ ಡುಬ್ಬಣ್ಣನ ತಲೆ ಇಟ್ಟುಕೊಂಡು ಬಂದದ್ದೇ ತಡ, ಜನ ಮುತ್ತಿದರು. ಫೋಟೋ ಮೇಲೆ ಫೋಟೋ. ಹಿಂಗಾಲನ್ನು ಒಬ್ಬಳು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಸ್ವಲ್ಪ ಆ ಕಡೆ ಬರ್ತೀರಾ? ಫೋಟೋಗೆ ಅಡ್ಡ ಆಗ್ತೀರಿ."

ಅವನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಮೆಟ್ಟಿಲ ಬಳಿ ಒಬ್ಬ ಕಾಲೇಜು ಹುಡುಗ ಗೆಳೆಯರನ್ನು ನಗಿಸಲು ಡುಬ್ಬಣ್ಣನ ಅಣಕು ಮಾಡಿ ತೋರಿಸುತ್ತಿದ್ದ. ಬಗ್ಗಿ, ಬಲಕ್ಕೆ ಭಾರ ಹಾಕಿ, ಒಂದು ಗಳಿಗೆ ತಡೆದು, ಎಡಕ್ಕೆ ಸೊಂಟ ತೂಗಿ ಹೆಜ್ಜೆ ಎಳೆದ. ನೋಡಿದವರೆಲ್ಲ "ಡುಬ್ಬಣ್ಣ! ಡುಬ್ಬಣ್ಣ!" ಎಂದು ಕೂಗಿದರು.

ಹಿಂಗಾಲು ಭಾವನ ಕಿವಿಗೆ ಬಾಯಿಟ್ಟ. "ನೋಡಿ ಭಾವ. ಯಾರಾದ್ರೂ ನಿಮ್ಮ ದವಡೆ ಅಣಕಿಸ್ತಿದಾರಾ?"

ಭಾವ ಮತ್ತೆ ಕ್ಯಾಮೆರಾ ಕಡೆ ತಿರುಗಿದ. ಆದರೆ ಆಮೇಲಿನ ಫೋಟೋಗಳಲ್ಲಿ ಅವನ ನಗು ಅಷ್ಟು ಅಗಲವಾಗಿರಲಿಲ್ಲ.

ಒಳಗೆ ಅವರದು ದಾರಿಯ ಪಕ್ಕದ ಸಾಲು. ತುದಿಯಲ್ಲಿ ಭಾವ, ಪಕ್ಕದಲ್ಲಿ ಹಿಂಗಾಲು, ಆಚೆಗೆ ಅಕ್ಕ. ಕೂರುವ ಮೊದಲೇ ಹಿಂಗಾಲಿನ ಪಾದ ಚಾಳಿ ಬಿಡದೆ ನೆಲ ಓದಿಯಾಗಿತ್ತು. ಕಾರ್ಪೆಟ್ಟಿನ ಅಂಚು ಎದ್ದಿದೆ, ಅದರಾಚೆ ದಪ್ಪ ವೈರು, ಆಮೇಲೆ ಇಳಿಜಾರು, ವೇದಿಕೆಯ ಮೆಟ್ಟಿಲು ಗಿಡ್ಡ. 'ನನಗ್ಯಾಕೆ ಈ ಉಸಾಬರಿ' ಎಂದುಕೊಂಡು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ.

ಹೆದರಿಸಿದ ಸಂಗೀತಕ್ಕೆ ಕೊಟ್ಟರು. ಹಾರುವ ವೀರನ ಹೊಡೆದಾಟಕ್ಕೆ ಕೊಟ್ಟರು. ಮುದಿ ಮಾಟಗಾತಿಯ ಮೇಕಪ್ಪಿಗೆ ಕೊಟ್ಟಾಗ ಅಕ್ಕ ಎದ್ದು ನಿಂತು ಶಿಳ್ಳೆ ಹಾಕಿದಳು. ಆಮೇಲೆ ಮಿನುಗುವ ಕೋಟಿನ ನಿರೂಪಕ ದನಿ ತಗ್ಗಿಸಿದ. "ಮುಂದಿನದು... ವರ್ಷದ ಮೃಗ."

ಭಾವ ಡುಬ್ಬಣ್ಣನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ತೆರೆಯ ಮೇಲೆ ಡುಬ್ಬಣ್ಣ ಕೆಸರಿನಿಂದ ಏಳುವ ದೃಶ್ಯ ಬಂತು. ಡುಬ್ಬ ಮೊದಲು ಎದ್ದಿತು, ತಲೆ ಆಮೇಲೆ. ಸಭೆ ಉಸಿರು ಬಿಗಿಹಿಡಿಯಿತು. ನಿರೂಪಕ ಲಕೋಟೆ ಹರಿದು ಭಾವನ ಹೆಸರು ಕೂಗಿದ.

ಚಪ್ಪಾಳೆಯೋ ಚಪ್ಪಾಳೆ. ದೀಪದ ಬೆಳಕು ಬಂದು ಭಾವನ ಮೇಲೆ ಬಿತ್ತು. ಭಾವ ಎದ್ದ. ದಾರಿಗೆ ಬಂದು ತಲೆ ಹಾಕಿಕೊಂಡು ನಿಂತ. ನಿಂತೇ ಇದ್ದ.

ಮೊದಲಿಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಮೃಗ ಸಭೆಯನ್ನು ಕಣ್ಣಲ್ಲೇ ಅಳೆಯುತ್ತಿದೆ ಎಂದುಕೊಂಡರು. ಭಾವನ ಕೈ ದವಡೆಯ ಹಿಡಿ ಒತ್ತಿತು, ಬಾಯಿ ತೆರೆಯಿತು, ಮುಚ್ಚಿತು. ಕಣ್ಣು ಬಲಕ್ಕೆ ಹೊರಳಿತು, ಎಡಕ್ಕೆ ಹೊರಳಿತು. ಕಾಲು ಮಾತ್ರ ಏಳಲಿಲ್ಲ.

ಹಿಂಗಾಲಿಗೆ ತಕ್ಷಣ ಅರ್ಥವಾಯಿತು. ಅಕ್ಕ ಕಾನೂನು ಮಾಡಿದಂದಿನಿಂದ ಆ ತಲೆಯೊಳಗೆ ಹೊಕ್ಕ ಮೇಲೆ ಭಾವ ಒಂದು ಹೆಜ್ಜೆಯನ್ನೂ ತಾನಾಗಿ ಇಟ್ಟವನಲ್ಲ. ಕಾಲಿಗೆ ಬರಬೇಕಾದ ಅಪ್ಪಣೆ ಬಂದಿಲ್ಲ. ಅಪ್ಪಣೆ ಇಲ್ಲಿ, ತನ್ನ ತೊಡೆಯ ಕೆಳಗೆ ಬೆಚ್ಚಗೆ ಕೂತಿದೆ.

ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು ಅವನಿಗೆ. ನಿಲ್ಲಿ ಭಾವ, ಚೆನ್ನಾಗಿ ನಿಲ್ಲಿ. ಮೃಗದ ಮನಸ್ಸಿಗೆ ಇಳಿದಿದ್ದೀರಲ್ಲ, ಈಗ ಹತ್ತಿ ಬನ್ನಿ.

ಚಪ್ಪಾಳೆ ತೆಳುವಾಗಿ, ನಗೆಯಾಗಿ, ನಗೆಯೂ ನಿಂತಿತು. "ಡುಬ್ಬಣ್ಣನವರು ನಾಚ್ಕೊಂಡಿದಾರೆ!" ಎಂದ ನಿರೂಪಕ. ಅಕ್ಕ ತಮ್ಮನ ಪಕ್ಕೆಗೆ ಮೊಣಕೈಯಿಂದ ತಿವಿದಳು.

"ಏಳೋ."

"ನನ್ನನ್ನ ಯಾರೂ ಕರೀಲಿಲ್ಲ."

"ಮಾನ ಹೋಗ್ತಿದೆ ಕಣೋ."

"ಕರೆದಿದ್ದು ಅವರನ್ನ. ಮಾನಾನೂ ಅವರದ್ದೇ."

ಅಕ್ಕ ಮೊಣಕೈ ಹಿಂದಕ್ಕೆಳೆದುಕೊಂಡಳು. ಅವಳಿಗೆ ತಮ್ಮ ಗೊತ್ತು. ಬೆನ್ನು ಬಗ್ಗೀತು, ಹಠ ಬಗ್ಗುವುದಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾವನೋ ಕೂಗಿದ: "ಬ್ಯಾಟರಿ ಹೋಯ್ತೇನ್ರೀ? ಬರೀ ರಬ್ಬರ್ ಗೊಂಬೆ ಕಣ್ರೋ ಅದು! ಸಿನಿಮಾದಲ್ಲಿ ನಡೆದಿದ್ದೆಲ್ಲ ಕಂಪ್ಯೂಟರು!"

ಸಭೆ ಹೋ ಎಂದು ನಕ್ಕಿತು.

ಭಾವನನ್ನು ಏನಂದಿದ್ದರೂ ಹಿಂಗಾಲು ಸಹಿಸುತ್ತಿದ್ದ, ಬೇಕಾದರೆ ಇನ್ನೆರಡು ಸೇರಿಸುತ್ತಿದ್ದ. ಆದರೆ ಡುಬ್ಬಣ್ಣನನ್ನು ರಬ್ಬರ್ ಗೊಂಬೆ ಎಂದದ್ದು, ತನ್ನ ನಡಿಗೆಯನ್ನು ಕಂಪ್ಯೂಟರಿನ ತಟ್ಟೆಗೆ ಬಡಿಸಿದ್ದು ಕೇಳಿ ಅವನ ಮೈಯ ರಕ್ತವೆಲ್ಲ ನೆತ್ತಿಗೇರಿತು. ಕುರ್ಚಿ ಹಿಂದಕ್ಕೆ ಬಡಿಯುವಂತೆ ಎದ್ದ. ಕೂಗಿದವನ ಕಡೆ ಹೋಗಲಿಲ್ಲ. ಅವನಿಗೆ ಉತ್ತರ ಕೊಡುವ ಜಾಗ ಬೇರೆ ಇತ್ತು. ಬೂಟು ಕಳಚಿ ಕುರ್ಚಿಯ ಕೆಳಗೆ ತಳ್ಳಿದ. ದಾರಿಗೆ ಬಂದು, ಭಾವನ ಹಿಂದೆ ನಿಂತು, ಬಗ್ಗಿ, ಬಲಗೈಯಿಂದ ಬೆಲ್ಟು ಹಿಡಿದ.

"ಬಂದ್ಯಾ?" ಎಂದಿತು ಮೃಗದ ಗಂಟಲಿನಿಂದ ಸಣ್ಣ ದನಿ.

"ನಿಮಗೋಸ್ಕರ ಅಲ್ಲ. ಡುಬ್ಬಣ್ಣನಿಗೋಸ್ಕರ," ಎಂದ ಹಿಂಗಾಲು. ಎಡ ಸೊಂಟಕ್ಕೆ ಅಂಗೈ ಬಿತ್ತು.

ಡುಬ್ಬಣ್ಣ ನಡೆದ.

ಚರ್ಮವಿಲ್ಲ, ಡುಬ್ಬವಿಲ್ಲ, ಬಾಲವಿಲ್ಲ. ಮುಂದೆ ಕೋಟು ತೊಟ್ಟ ಒಬ್ಬ, ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಗ್ಗಿದ ಒಬ್ಬ. ಆದರೂ ಬಲಕ್ಕೆ ಭಾರ ಬಿತ್ತು, ಒಂದು ಗಳಿಗೆ ತಡೆಯಿತು, ಎಡಕ್ಕೆ ಸೊಂಟ ತೂಗಿತು, ಕಾಲು ಕೆಸರಿನಿಂದ ಕಿತ್ತು ಬಂದಂತೆ ನಿಧಾನ ಮೇಲೆದ್ದಿತು. ಎದ್ದ ಕಾರ್ಪೆಟ್ಟನ್ನು ದಾಟಿತು. ವೈರನ್ನು ದಾಟಿತು. ಇಳಿಜಾರಿನಲ್ಲಿ ಬೆನ್ನು ತಾನಾಗಿ ತಗ್ಗಿತು. ದಾರಿಯ ಅಂಚಿನಲ್ಲಿ ಕೂತಿದ್ದ ರಕ್ತಪಿಶಾಚಿ ತನಗೇ ಅರಿವಿಲ್ಲದೆ ಕಾಲು ಒಳಗೆಳೆದುಕೊಂಡ. ಒಂದು ಮಗು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿತು. ನಗುತ್ತಿದ್ದ ಬಾಯಿಗಳು ತೆರೆದಂತೆಯೇ ಉಳಿದವು.

ಹಿಂಗಾಲು ಸೊಂಟ ಚಿವುಟಿದ. ಭಾವ ಗರ್ಜಿಸಿದ. ಗಾಜಿನ ದೀಪಗಳು ಝಲ್ಲೆಂದವು.

ಮೊದಲು ಎದ್ದವಳು ಹೊರಗೆ ಹಿಂಗಾಲನ್ನು ಪಕ್ಕಕ್ಕೆ ಸರಿಸಿದ್ದ ಹುಡುಗಿ. ಅವಳ ಹಿಂದೆ ಸಾಲು, ಸಾಲಿನ ಹಿಂದೆ ಸಾಲು ಎದ್ದು, ಡುಬ್ಬಣ್ಣ ಮೆಟ್ಟಿಲು ಹತ್ತುವ ಹೊತ್ತಿಗೆ ಕೂತವರು ಇರಲಿಲ್ಲ. ಹಿಂಗಾಲಿಗೆ ಕಂಡದ್ದು ಭಾವನ ಕೋಟಿನ ಹೊಲಿಗೆ ಮಾತ್ರ. ಆದರೆ ಬರಿಪಾದಕ್ಕೆ ನೆಲ ಅದುರುವುದು ತಿಳಿಯುತ್ತಿತ್ತು. ಅಷ್ಟು ಸಾಕಿತ್ತು.

ವೇದಿಕೆಯ ಮೇಲೆ ಭಾವ ತಲೆ ತೆಗೆದ. ಬೆವರಿನಲ್ಲಿ ಮಿಂದಿದ್ದ. ನಿರೂಪಕ ಹಿತ್ತಾಳೆಯ ಪ್ರಶಸ್ತಿ ಅವನ ಕೈಗಿಟ್ಟ. ರೆಕ್ಕೆ ಮಡಚಿ, ಉದ್ದನೆಯ ಬಾಲ ಚಾಚಿ ಕೂತ ಒಂದು ವಿಕಾರ ಪ್ರಾಣಿ. ಮೈಕು ಕಂಡದ್ದೇ ಭಾವನಿಗೆ ಜೀವ ಬಂತು. ನಿರ್ಮಾಪಕರಿಗೆ ಕೃತಜ್ಞತೆ, ನಿರ್ದೇಶಕರಿಗೆ ಕೃತಜ್ಞತೆ, ಹೊಲಿದ ಹೆಂಡತಿಗೆ ಕೃತಜ್ಞತೆ. "ಮೃಗವಾಗೋದು ಅಂದ್ರೆ ಸುಲಭ ಅಲ್ಲ. ಅದರ ಮನಸ್ಸಿಗೆ ಇಳಿದು..."

ಹಿಂಗಾಲು ಇನ್ನೂ ಹಿಂದೆಯೇ ನಿಂತಿದ್ದ. ಚಿವುಟಿದ.

"ಗ್ರಾಂವ್!" ಎಂದ ಭಾವ ಮೈಕಿನಲ್ಲಿ, ವಾಕ್ಯದ ನಡುವೆಯೇ.

ಸಭೆ ದಂಗಾಯಿತು. ಭಾವ ಕೆಮ್ಮಿ ಸಾವರಿಸಿಕೊಂಡು, "ಅಂದ್ರೆ, ಆ ಮನಸ್ಸು..." ಎಂದ. ಇನ್ನೊಂದು ಚಿವುಟು. "ಗ್ರಾಂವ್!" ಆಮೇಲೆ ಎರಡು ತಟ್ಟು. ವರ್ಷದ ಮೃಗ ಪ್ರಶಸ್ತಿ ಹಿಡಿದುಕೊಂಡೇ ಕುಕ್ಕರಗಾಲಲ್ಲಿ ಕೂತುಬಿಟ್ಟಿತು. ಕೂತವನ ಹಿಂದಿನಿಂದ ಹಿಂಗಾಲು ಇಡಿಯಾಗಿ ಕಾಣಿಸಿಕೊಂಡ. ಅಕ್ಕನ ಶಿಳ್ಳೆ ಸಭಾಂಗಣದ ಆ ತುದಿಯಿಂದ ಬಂತು.

ಭಾವ ಕೂತಲ್ಲಿಂದಲೇ ತಲೆ ಎತ್ತಿ ಭಾವಮೈದನನ್ನು ನೋಡಿದ. ಮುಖ ಮೊದಲು ಕಪ್ಪಿಟ್ಟಿತು. ಆಮೇಲೆ ಅವನಿಗೇ ತಡೆಯಲಾಗದೆ ನಗು ಬಂತು, ಹೊಟ್ಟೆಯಿಂದ ಎದ್ದು ಬಂದ ನಗು. ಮೈಕನ್ನು ಬಾಯಿಗೆ ಹಿಡಿದ.

"ನೋಡಿದ್ರಲ್ಲ? ಇದೇ ನನ್ನ ಅಭಿನಯ. ಹಿಂದಿನಿಂದ ಚಿವುಟಿದ್ರೆ ಗರ್ಜಿಸ್ತೀನಿ, ತಟ್ಟಿದ್ರೆ ಕೂರ್ತೀನಿ. ನಡಿ ಅನ್ನದಿದ್ರೆ ನಿಮ್ಮೆದುರಿಗೇ ನಿಂತಿದ್ನಲ್ಲ, ಕಂಬದ ಹಾಗೆ. ಡುಬ್ಬಣ್ಣನೊಳಗೆ ನಾವಿಬ್ಬರು. ನನ್ನ ಹೆಂಡತಿ ತಮ್ಮ ಇವನು. ಈ ಮಾತು ಫೋನಿನಲ್ಲೇ ಹೇಳಬೇಕಿತ್ತು. ಹೇಳ್ಲಿಲ್ಲ. ಈಗ ಎಲ್ಲರ ಮುಂದೆ ಹೇಳಿಸ್ಕೊಂಡ, ಕತ್ತೆ."

ನಿರೂಪಕ ಪೇಚಿಗೆ ಸಿಕ್ಕಿ ಮೈಕನ್ನು ಹಿಂಗಾಲಿನ ಕಡೆ ಹಿಡಿದ. "ಹಾಗಾದ್ರೆ ಈ ಪ್ರಶಸ್ತಿ ಯಾರಿಗೆ ಅಂತ ತಿಳ್ಕೊಳ್ಳೋದು ಸಾರ್?"

"ಡುಬ್ಬಣ್ಣನಿಗೆ," ಎಂದ ಹಿಂಗಾಲು. "ಮುಂದಿನ ಸಲ ಕರೆಯೋವಾಗ ಎರಡು ಹೆಸರು ಕರೀರಿ. ಮುಂದಿನ ಸಲಾನೂ ನಾವೇ ಬರೋದು, ಅದರಲ್ಲೇನೂ ಅನುಮಾನ ಬೇಡ. ಮತ್ತೆ, ಕಂಪ್ಯೂಟರು ಅಂದ್ರಲ್ಲ, ಹಿಂದಿನ ಸಾಲಿನ ಅಣ್ಣ, ವರ್ಕ್‌ಶಾಪಿಗೆ ಬನ್ನಿ. ಡುಬ್ಬ ಹೊರಿಸ್ತೀನಿ."

ಇಬ್ಬರೂ ಹೇಗೆ ಹತ್ತಿದ್ದರೋ ಹಾಗೇ ಇಳಿದು ಬಂದರು. ಈಗ ತಲೆ ಭಾವನ ಕಂಕುಳಲ್ಲಿತ್ತು, ದಾರಿ ಕಣ್ಣೆದುರೇ ಇತ್ತು. ಆದರೂ ಮೆಟ್ಟಿಲಿನ ತುದಿಯಲ್ಲಿ ಭಾವ ಒಂದು ಕ್ಷಣ ನಿಂತ. ಸೊಂಟಕ್ಕೆ ಕೈ ಬಿದ್ದ ಮೇಲೆ ಕಾಲಿಟ್ಟ.

ಮರುದಿನ ಬೆಳಿಗ್ಗೆ ಹಿಂಗಾಲು ವರ್ಕ್‌ಶಾಪಿಗೆ ಎಲ್ಲರಿಗಿಂತ ಮೊದಲು ಬಂದು ರಬ್ಬರು ಅಂಟಿಕೊಳ್ಳದಂತೆ ಡುಬ್ಬಕ್ಕೆ ಪೌಡರು ಹಾಕುತ್ತಿದ್ದ. ಬರುತ್ತೀಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಭಾವ ಮಾತ್ರ ಸೊಂಟ ಉಜ್ಜಿಕೊಳ್ಳುತ್ತ, "ಉಗುರು ಕತ್ತರಿಸ್ಕೊಳ್ಳೋ, ಚರ್ಮ ಕಿತ್ತುಬಂದಿದೆ," ಎಂದ.

"ಭಾಷಣ ಚಿಕ್ಕದು ಮಾಡಿ, ಕತ್ತರಿಸ್ಕೋತೀನಿ."

ಪ್ರಶಸ್ತಿಯನ್ನು ಅಕ್ಕ ಅಂಟಿನ ಡಬ್ಬಗಳ ಮೇಲಿನ ಹಲಗೆಯಲ್ಲಿಟ್ಟಳು. ಬಂದವರ ಕಣ್ಣಿಗೆ ಮೊದಲು ಬೀಳುವುದು ಅದರ ಬಾಲ. ಮುಖ ಗೋಡೆಯ ಕಡೆಗೆ. ಹೊಸ ಸಿನಿಮಾದ ಮಾತಿಗೆಂದು ಬಂದ ಮ್ಯಾನೇಜರು ಅದನ್ನು ನೋಡಿ ಕೈ ಚಾಚಿದ.

"ಹಿಂದುಮುಂದಾಗಿದೆಯಲ್ಲಮ್ಮ, ತಿರುಗಿಸಿ ಇಡ್ಲಾ?"

"ಮುಟ್ಟಬೇಡಿ," ಎಂದಳು ಅಕ್ಕ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. "ಸರಿಯಾಗೇ ಇದೆ. ಅದು ಹೊರಡೋದೇ ಹಿಂದಿನಿಂದ."